ಪಂಪ್‌ಸೆಟ್ ಡ್ರೈವಿನ ಡಿ.ಸಿ. ಲಿಂಕ್: ಏರಿಳಿತ ಮತ್ತು ಅನುರಣನೆ ತಗ್ಗಿಸುವ ಕ್ರಮಗಳು

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)

ಹಿಂದೆ ಪಂಪ್‌ಸೆಟ್ ಮನೆಯೊಳಗೆ ಒಂದು ಸ್ಟಾರ್ಟರು, ಒಂದು ಮೈನ್ ಸ್ವಿಚ್ಚು, ಮೂರು ಫ್ಯೂಸು ಇದ್ದರೆ ಮುಗಿಯಿತು. ಈಗ ಅನೇಕ ತೋಟಗಳಲ್ಲಿ ಅವುಗಳ ಪಕ್ಕದಲ್ಲಿ, ಇಲ್ಲವೆ ಅವುಗಳ ಬದಲಿಗೆ, ಡ್ರೈವ್ ಎಂಬ ಪೆಟ್ಟಿಗೆ ಬಂದು ಕುಳಿತಿದೆ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಂತಹ ಕಾರ್ಯಕ್ರಮಗಳಿಂದ ಸೌರ ಪಂಪುಗಳೂ ಹೊಲಕ್ಕೆ ಬಂದಿವೆ. ಅವುಗಳಲ್ಲಿರುವ ಕಂಟ್ರೋಲರ್ ಕೂಡ ಇದೇ ಜಾತಿಯ ಪೆಟ್ಟಿಗೆ. ಮೋಟಾರನ್ನು ನಿಧಾನವಾಗಿ ಎಬ್ಬಿಸುವುದು, ಬೇಕಾದ ವೇಗದಲ್ಲಿ ಓಡಿಸುವುದು, ನೀರು ಕಡಿಮೆಯಾದಾಗ ನಿಲ್ಲಿಸುವುದು, ಇವೆಲ್ಲ ಈ ಪೆಟ್ಟಿಗೆಯ ಗುಣಗಳು.

ಆದರೆ ಪೆಟ್ಟಿಗೆ ಕೆಟ್ಟರೆ ಏನಾಗುತ್ತದೆ? ಮೋಟಾರು ಸರಿಯಿರುತ್ತದೆ, ಬೋರಿನಲ್ಲಿ ನೀರಿರುತ್ತದೆ, ಲೈನಿನಲ್ಲಿ ಕರೆಂಟೂ ಇರುತ್ತದೆ; ನೀರು ಮಾತ್ರ ಮೇಲಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಟೊಮೇಟೊ ಕಾಯಿ ಕಟ್ಟುವ ಹೊತ್ತಿಗೋ, ಬಾಳೆ ಗೊನೆ ಹಾಕುವ ಹೊತ್ತಿಗೋ ಒಂದು ವಾರ ನೀರು ತಪ್ಪಿದರೆ ವರ್ಷದ ಆದಾಯಕ್ಕೆ ಪೆಟ್ಟು. ಇಂತಹ ಪೆಟ್ಟಿಗೆಗಳಲ್ಲಿ ಬೇಗ ಸೋಲುವ ಭಾಗಗಳಲ್ಲಿ ಮುಖ್ಯವಾದದ್ದು ಡಿ.ಸಿ. ಲಿಂಕ್ ಎಂಬಲ್ಲಿ ಕೂರುವ ಕಂಡೆನ್ಸರ್. ಅದು ಏಕೆ ಸೋಲುತ್ತದೆ, ಸೋಲದಂತೆ ನಾವು ಏನು ಮಾಡಬಹುದು ಎಂಬುದೇ ಈ ಹೊತ್ತಿನ ವಿಷಯ.

ಪೆಟ್ಟಿಗೆಯೊಳಗೆ ಏನಿದೆ?

ಡ್ರೈವಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ರೆಕ್ಟಿಫೈಯರ್. ಲೈನಿನಿಂದ ಬರುವ ಎ.ಸಿ. ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುವಂಥದು. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಡಿ.ಸಿ. ಮಾಡುವುದು ರೆಕ್ಟಿಫೈಯರಿನ ಕೆಲಸ. ಮೂರನೆಯ ಭಾಗ ಇನ್ವರ್ಟರ್. ಇದು ಡಿ.ಸಿ.ಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಮೋಟಾರಿಗೆ ಬೇಕಾದ ವೇಗಕ್ಕೆ ತಕ್ಕಂತೆ ಮತ್ತೆ ಮೂರು ಫೇಸ್ ಎ.ಸಿ.ಯಾಗಿ ಹೊರಗೆ ಕೊಡುತ್ತದೆ. ಈ ಎರಡರ ನಡುವೆ ಇರುವ ಸೇತುವೆಯೇ ಡಿ.ಸಿ. ಲಿಂಕ್. ಅಲ್ಲಿ ಡಬ್ಬಿಯಾಕಾರದ ದೊಡ್ಡ ಕಂಡೆನ್ಸರುಗಳೂ, ಒಳ್ಳೆಯ ಡ್ರೈವುಗಳಲ್ಲಿ ಒಂದು ಚೋಕೂ ಇರುತ್ತವೆ. ಸೌರ ಪಂಪಿನಲ್ಲಿ ಫಲಕಗಳೇ ನೇರವಾಗಿ ಡಿ.ಸಿ. ಕೊಡುವುದರಿಂದ ರೆಕ್ಟಿಫೈಯರಿನ ಅಗತ್ಯವಿಲ್ಲ. ಉಳಿದ ಎರಡು ಭಾಗಗಳು ಅಲ್ಲಿಯೂ ಇವೆ.

ಏರಿಳಿತ ಎಂದರೇನು?

ಕಪಿಲೆ ಹೊಡೆದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ಬಾನಿ ಮೇಲೆ ಬಂದು ನೀರು ಒಮ್ಮೆಲೇ ತೊಟ್ಟಿಗೆ ಸುರಿಯುತ್ತಿತ್ತು. ಎತ್ತುಗಳು ಹಿಂದಕ್ಕೆ ಹತ್ತುವಾಗ ಮೇಲಿನಿಂದ ಒಂದು ಹನಿಯೂ ಬರುತ್ತಿರಲಿಲ್ಲ. ಆದರೂ ಕಾಲುವೆಯಲ್ಲಿ ನೀರು ಪೂರ್ತಿ ನಿಲ್ಲುತ್ತಿರಲಿಲ್ಲ. ನಡುವೆ ತೊಟ್ಟಿ ಇತ್ತು. ಬಾನಿ ಸುರಿದಾಗ ತೊಟ್ಟಿಯ ಮಟ್ಟ ಏರುತ್ತಿತ್ತು, ಬಾನಿ ಕೆಳಗಿಳಿದಾಗ ಮಟ್ಟ ಇಳಿಯುತ್ತಿತ್ತು. ಡಿ.ಸಿ. ಲಿಂಕಿನ ಕಂಡೆನ್ಸರ್ ಇಂತಹ ತೊಟ್ಟಿ. ಅದರಲ್ಲಿನ ವೋಲ್ಟೇಜಿನ ಏರುವಿಕೆ ಇಳಿಯುವಿಕೆಯನ್ನೇ ಏರಿಳಿತ ಅಥವಾ ರಿಪಲ್ ಎನ್ನುತ್ತಾರೆ.

ಈಗ ಸ್ವಲ್ಪ ಲೆಕ್ಕ ನೋಡೋಣ. ನಮ್ಮ ಮೂರು ಫೇಸ್ ಲೈನಿನ ವೋಲ್ಟೇಜು 415. ಅದರ ಅಲೆಯ ತುದಿ 587 ವೋಲ್ಟ್ ಮುಟ್ಟುತ್ತದೆ. ಮೂರು ಫೇಸುಗಳ ರೆಕ್ಟಿಫೈಯರಿನಿಂದ ಸೆಕೆಂಡಿಗೆ 300 ತುದಿಗಳು ಬರುತ್ತವೆ. ಒಂದು ತುದಿ ಇಳಿಯುವಷ್ಟರಲ್ಲಿ ಇನ್ನೊಂದು ಏರಿ ಬರುವುದರಿಂದ, ಕಂಡೆನ್ಸರ್ ಇಲ್ಲದಿದ್ದರೂ ವೋಲ್ಟೇಜು 508ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸರಾಸರಿ 560 ವೋಲ್ಟ್ ನಿಲ್ಲುತ್ತದೆ. ಸಿಂಗಲ್ ಫೇಸಿನಲ್ಲಿ ಹಾಗಲ್ಲ. ಸೆಕೆಂಡಿಗೆ 100 ತುದಿಗಳು ಮಾತ್ರ. ಎರಡು ತುದಿಗಳ ನಡುವೆ ವೋಲ್ಟೇಜು ಸೊನ್ನೆಗೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಮೋಟಾರಿನ ಪೂರ್ತಿ ಭಾರವನ್ನು ಕಂಡೆನ್ಸರ್ ಒಂದೇ ಹೊರಬೇಕು.

5 ಅಶ್ವಶಕ್ತಿಯ ಪಂಪನ್ನು ಉದಾಹರಣೆಗೆ ತೆಗೆದುಕೊಳ್ಳಿ. ಡಿ.ಸಿ. ಲಿಂಕಿನಿಂದ ಅದು ಸುಮಾರು 8 ಆಂಪಿಯರ್ ಎಳೆಯುತ್ತದೆ. ಕಂಡೆನ್ಸರ್ 1000 ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೆ, ಸ್ಥೂಲವಾಗಿ ಮೂರು ಫೇಸಿನಲ್ಲಿ ಏರಿಳಿತ 20 ವೋಲ್ಟ್ ಆಗುತ್ತದೆ. ಒಂದು ಫೇಸ್ ತಪ್ಪಿ ಉಳಿದ ಎರಡು ತಂತಿಗಳಲ್ಲೇ ಅದೇ ಭಾರ ಓಡಿದರೆ ಏರಿಳಿತ 60 ವೋಲ್ಟಿನ ಸುಮಾರಿಗೆ ಹೋಗುತ್ತದೆ. ಅಂದರೆ ಮೂರು ಪಟ್ಟು.

ಹೆಚ್ಚಿದ ಏರಿಳಿತ ಕಂಡೆನ್ಸರಿಗೆ ಏನು ಮಾಡುತ್ತದೆ?

ಬಹುತೇಕ ಡ್ರೈವುಗಳಲ್ಲಿರುವುದು ಅಲ್ಯೂಮಿನಿಯಂ ಹಾಳೆಯ ಸುರುಳಿಯನ್ನು ಒಂದು ದ್ರವದಲ್ಲಿ ನೆನೆಸಿ ಡಬ್ಬಿಯೊಳಗೆ ಮುಚ್ಚಿದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್. ಮಟ್ಟ ಏರಿದಾಗಲೆಲ್ಲ ಅದರೊಳಕ್ಕೆ ಕರೆಂಟು ನುಗ್ಗುತ್ತದೆ, ಇಳಿದಾಗಲೆಲ್ಲ ಹೊರಗೆ ಬರುತ್ತದೆ. ಈ ಓಡಾಟಕ್ಕೆ ಒಳಗೆ ಸ್ವಲ್ಪ ತಡೆ ಇದೆ. ತಡೆ ಇದ್ದಲ್ಲಿ ಬಿಸಿ ಹುಟ್ಟುತ್ತದೆ. ಓಡಾಡುವ ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಅದೂ ಅಲ್ಲದೆ, ಅಷ್ಟೇ ಆಂಪಿಯರು 300ರ ಬದಲು 100ರ ಗತಿಯಲ್ಲಿ ಹರಿದರೆ ಈ ಜಾತಿಯ ಕಂಡೆನ್ಸರ್ ಇನ್ನೂ ಹೆಚ್ಚು ಕಾಯುತ್ತದೆ. ಕಾದಂತೆ ಒಳಗಿನ ದ್ರವ ನಿಧಾನವಾಗಿ ಆರುತ್ತದೆ. ಆರಿದಂತೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಂತೆ ಬಿಸಿಯೂ ಹೆಚ್ಚುತ್ತದೆ. ಒಮ್ಮೆ ಈ ಸುತ್ತಿಗೆ ಬಿದ್ದ ಕಂಡೆನ್ಸರ್ ಬೇಗ ಮುಗಿಯುತ್ತದೆ.

ತಂತ್ರಜ್ಞರು ಬಳಸುವ ಒಂದು ಸುಲಭ ಸೂತ್ರವಿದೆ: ಒಳಗಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಂಡೆನ್ಸರಿನ ಆಯುಸ್ಸು ಎರಡು ಪಟ್ಟಾಗುತ್ತದೆ, 10 ಡಿಗ್ರಿ ಏರಿದರೆ ಅರ್ಧವಾಗುತ್ತದೆ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಕಂಡೆನ್ಸರ್ 95 ಡಿಗ್ರಿಯಲ್ಲಿ 10,000 ಗಂಟೆ, 85 ಡಿಗ್ರಿಯಲ್ಲಿ 20,000 ಗಂಟೆ ಬಾಳುತ್ತದೆ. ದಿನಕ್ಕೆ 7 ಗಂಟೆ ಓಡುವ ಪಂಪು ವರ್ಷಕ್ಕೆ ಸುಮಾರು 2,500 ಗಂಟೆ ಓಡುತ್ತದೆ. ಹಾಗಾದರೆ 95 ಡಿಗ್ರಿಯಲ್ಲಿ 4 ವರ್ಷ, 85 ಡಿಗ್ರಿಯಲ್ಲಿ 8 ವರ್ಷ. ಪೆಟ್ಟಿಗೆ ಒಂದೇ, ಬೆಲೆ ಒಂದೇ. ನೆರಳು, ಗಾಳಿ ಮತ್ತು ಸರಿಯಾದ ಫೇಸು ಒದಗಿಸಿದವನಿಗೆ ಅದು ನಾಲ್ಕು ವರ್ಷ ಹೆಚ್ಚು ದುಡಿಯುತ್ತದೆ.

ಚೋಕಿನ ಪಾತ್ರ

ತೊಟ್ಟಿಯನ್ನು ದೊಡ್ಡದು ಮಾಡುವುದು ಏರಿಳಿತ ತಗ್ಗಿಸುವ ಒಂದು ದಾರಿ. ಆದರೆ ದೊಡ್ಡ ಕಂಡೆನ್ಸರ್ ಮಾತ್ರ ಹಾಕಿದರೆ ಲೈನಿನಿಂದ ಕರೆಂಟು ಅಲೆಯ ತುದಿಯಲ್ಲಷ್ಟೇ ಒಮ್ಮೆಲೇ ನುಗ್ಗುತ್ತದೆ. ಇದರಿಂದ ರೆಕ್ಟಿಫೈಯರೂ ಕಾಯುತ್ತದೆ, ಟಿ.ಸಿ.ಯ ಮೇಲೂ ಭಾರ ಬೀಳುತ್ತದೆ. ಆದ್ದರಿಂದ ತೊಟ್ಟಿಯ ಬಾಯಿಯಲ್ಲಿ ಒಂದು ಚೋಕ್ ಇಡುತ್ತಾರೆ. ಕಬ್ಬಿಣದ ತಿರುಳಿಗೆ ಸುತ್ತಿದ ತಾಮ್ರದ ತಂತಿಯೇ ಚೋಕ್. ಕರೆಂಟು ಹಠಾತ್ತನೆ ಏರುವುದನ್ನೂ ಹಠಾತ್ತನೆ ಇಳಿಯುವುದನ್ನೂ ಅದು ವಿರೋಧಿಸುತ್ತದೆ. ಭಾರ ತುಂಬಿದ ಗಾಡಿ ಹೊರಡುವಾಗ ನಿಧಾನ, ನಿಲ್ಲುವಾಗಲೂ ನಿಧಾನ, ಹಾಗೆಯೇ ಇದೂ.

ಚೋಕನ್ನು ರೆಕ್ಟಿಫೈಯರ್ ಮತ್ತು ಕಂಡೆನ್ಸರಿನ ನಡುವೆ ಇಡಬಹುದು. ಆಗ ಅದು ಡಿ.ಸಿ. ಚೋಕ್. ರೆಕ್ಟಿಫೈಯರಿಗೂ ಮುಂಚೆ ಮೂರು ಫೇಸಿನ ತಂತಿಗಳಲ್ಲಿ ಇಡಬಹುದು. ಆಗ ಅದು ಲೈನ್ ಚೋಕ್. ಎರಡರಲ್ಲಿ ಯಾವುದಿದ್ದರೂ ಕಂಡೆನ್ಸರಿನ ಏರಿಳಿತದ ಕರೆಂಟು ಗಣನೀಯವಾಗಿ ತಗ್ಗುತ್ತದೆ. ಕಡಿಮೆ ಬೆಲೆಗೆ ಸಿಗುವ ಡ್ರೈವುಗಳಲ್ಲಿ ಎಷ್ಟೋ ಸಲ ಚೋಕ್ ಇರುವುದಿಲ್ಲ. ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಬೇಕು. ಇಲ್ಲದಿದ್ದರೆ ಡ್ರೈವಿನ ಸಾಮರ್ಥ್ಯಕ್ಕೆ ತಕ್ಕ ಲೈನ್ ಚೋಕನ್ನು ಹೊರಗಿನಿಂದ ಜೋಡಿಸಿಕೊಳ್ಳಬಹುದು.

ಅನುರಣನೆ: ತಾಳ ಕೂಡಿದಾಗ ಬರುವ ತೊಂದರೆ

ಚೋಕ್ ಮತ್ತು ಕಂಡೆನ್ಸರ್ ಒಟ್ಟಿಗೆ ಸೇರಿದಾಗ ಒಂದು ಹೊಸ ಗುಣ ಹುಟ್ಟುತ್ತದೆ. ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಹಗ್ಗದ ಉದ್ದಕ್ಕೆ ತಕ್ಕಂತೆ ಅದಕ್ಕೆ ತನ್ನದೇ ಆದ ಒಂದು ತೂಗುವ ಗತಿ ಇದೆ. ಅದೇ ಗತಿಗೆ ಸರಿಯಾಗಿ ಮಗುವೊಂದು ಬೆರಳಿನಲ್ಲಿ ನೂಕಿದರೂ ಜೋಕಾಲಿ ದೊಡ್ಡದಾಗಿ ತೂಗುತ್ತದೆ. ಗತಿ ತಪ್ಪಿಸಿ ದೊಡ್ಡವರು ಬಲವಾಗಿ ನೂಕಿದರೂ ಅಷ್ಟು ತೂಗುವುದಿಲ್ಲ. ಚೋಕ್ ಮತ್ತು ಕಂಡೆನ್ಸರಿನ ಜೋಡಿಗೂ ಹೀಗೆ ಒಂದು ಸ್ವಂತ ಗತಿ ಇದೆ. ಏರಿಳಿತದ ಗತಿ ಅದಕ್ಕೆ ಹತ್ತಿರ ಬಂದರೆ ಸಣ್ಣ ಏರಿಳಿತವೂ ಹಿಗ್ಗಿ ದೊಡ್ಡದಾಗುತ್ತದೆ. ಇದನ್ನೇ ಅನುರಣನೆ ಎನ್ನುತ್ತಾರೆ.

ಉದಾಹರಣೆಗೆ 2 ಮಿಲಿಹೆನ್ರಿ ಚೋಕ್, 1000 ಮೈಕ್ರೋಫ್ಯಾರಡ್ ಕಂಡೆನ್ಸರ್ ಎಂದಿಟ್ಟುಕೊಳ್ಳಿ. ಇವುಗಳ ಸ್ವಂತ ಗತಿ ಸೆಕೆಂಡಿಗೆ ಸುಮಾರು 112. ಮೂರು ಫೇಸೂ ಸರಿಯಾಗಿದ್ದಾಗ ಏರಿಳಿತ ಸೆಕೆಂಡಿಗೆ 300 ಸಲ ಬರುತ್ತದೆ. ಅದು 112ಕ್ಕಿಂತ ಬಹಳ ಮೇಲಿದೆ. ಆಗ ಈ ಜೋಡಿ ಏರಿಳಿತವನ್ನು ಸುಮಾರು ಆರನೇ ಒಂದು ಭಾಗಕ್ಕೆ ಇಳಿಸುತ್ತದೆ. ಚೆನ್ನಾಯಿತು. ಆದರೆ ಒಂದು ಫೇಸಿನ ವೋಲ್ಟೇಜು ಕಡಿಮೆಯಾಗಿ ಮೂರರಲ್ಲಿ ಸಮತೋಲ ತಪ್ಪಿತೆನ್ನಿ. ಆಗ 300ರ ಜೊತೆಗೆ 100ರ ಏರಿಳಿತವೂ ಹುಟ್ಟುತ್ತದೆ. ಅದು 112ಕ್ಕೆ ಬಹಳ ಹತ್ತಿರ. ಮೂರು ಫೇಸಿನಲ್ಲಿ ಕಾಪಾಡುತ್ತಿದ್ದ ಜೋಡಿಯೇ ಈಗ ಏರಿಳಿತವನ್ನು ಹಿಗ್ಗಿಸತೊಡಗುತ್ತದೆ.

ಇದಕ್ಕೆ ಪರಿಹಾರವೆಂದರೆ ಸ್ವಂತ ಗತಿಯನ್ನು 100ಕ್ಕಿಂತ ಸಾಕಷ್ಟು ಕೆಳಗೆ ಇಳಿಸುವುದು. 4 ಮಿಲಿಹೆನ್ರಿ ಚೋಕ್ ಮತ್ತು 1500 ಮೈಕ್ರೋಫ್ಯಾರಡ್ ಕಂಡೆನ್ಸರ್ ಆದರೆ ಗತಿ 65ಕ್ಕೆ ಇಳಿಯುತ್ತದೆ. ಆಗ 300ರ ಏರಿಳಿತ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ; 100ರದ್ದು ಹಿಗ್ಗದೆ ಸ್ವಲ್ಪ ಕುಗ್ಗುತ್ತದೆ. ಇನ್ನು ಕೆಲವು ಡ್ರೈವುಗಳಲ್ಲಿ ಎಲೆಕ್ಟ್ರೋಲಿಟಿಕ್ ಬದಲು ದ್ರವವಿಲ್ಲದ ಫಿಲ್ಮ್ ಕಂಡೆನ್ಸರ್ ಹಾಕಿರುತ್ತಾರೆ. ಇದು ಬಿಸಿಗೆ ಬಗ್ಗದೆ ಹೆಚ್ಚು ಕಾಲ ಬಾಳುತ್ತದೆ. ಆದರೆ ಸಾಮರ್ಥ್ಯ ಚಿಕ್ಕದು, 20 ಮೈಕ್ರೋಫ್ಯಾರಡಿನ ಸುಮಾರು. ಅಲ್ಲಿ ಸ್ವಂತ ಗತಿ 800ರ ಆಸುಪಾಸಿಗೆ ಏರುತ್ತದೆ. ಅದನ್ನು ಹತೋಟಿಯಲ್ಲಿಡುವ ಏರ್ಪಾಡನ್ನು ತಯಾರಕರೇ ಡ್ರೈವಿನೊಳಗೆ ಮಾಡಿರಬೇಕಾಗುತ್ತದೆ.

ಹತೋಟಿ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಸಾಧಾರಣ ಬಲ್ಬಿಗೆ ವೋಲ್ಟೇಜು ಇಳಿದರೆ ಅದು ಎಳೆಯುವ ಕರೆಂಟೂ ಇಳಿಯುತ್ತದೆ. ಡ್ರೈವಿನ ಇನ್ವರ್ಟರ್ ಹಾಗಲ್ಲ. ಮೋಟಾರಿನ ವೇಗ ಕುಂದಬಾರದೆಂದು ವೋಲ್ಟೇಜು ಇಳಿದಾಗ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಏರಿದಾಗ ಕಡಿಮೆ ಎಳೆಯುತ್ತದೆ. ತೊಟ್ಟಿಯ ಮಟ್ಟ ಇಳಿದಾಗಲೇ ತೂಬನ್ನು ಇನ್ನಷ್ಟು ತೆರೆದಂತೆ. ಜೋಕಾಲಿ ಹಿಂದೆ ಬಂದಾಗಲೆಲ್ಲ ಯಾರೋ ಮತ್ತೆ ಮತ್ತೆ ನೂಕಿದ ಹಾಗೆ, ಒಮ್ಮೆ ಹುಟ್ಟಿದ ತೂಗಾಟ ತಾನಾಗಿ ನಿಲ್ಲುವುದಿಲ್ಲ.

ಇದನ್ನು ತಣಿಸಲು ಏನು ಮಾಡುತ್ತಾರೆ? ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವಾಗ ಹೆಜ್ಜೆಯ ತಾಳಕ್ಕೆ ನೀರು ತುಳುಕುತ್ತದೆ. ಕೊಡದ ಬಾಯಿಯಲ್ಲಿ ಎಲೆಯಿರುವ ಒಂದು ರೆಂಬೆ ಇಟ್ಟರೆ ತುಳುಕುವುದು ತಗ್ಗುತ್ತದೆ. ನೀರಿನ ತೂಗಾಟದ ಬಲವನ್ನು ಎಲೆಗಳು ಸ್ವಲ್ಪ ಸ್ವಲ್ಪವಾಗಿ ನುಂಗುತ್ತವೆ. ಡಿ.ಸಿ. ಲಿಂಕಿನಲ್ಲಿ ಈ ಕೆಲಸಕ್ಕೆ ಒಂದು ರೆಸಿಸ್ಟರನ್ನೂ ಒಂದು ಕಂಡೆನ್ಸರನ್ನೂ ಸಾಲಾಗಿ ಜೋಡಿಸಿ ಮುಖ್ಯ ಕಂಡೆನ್ಸರಿನ ಪಕ್ಕದಲ್ಲಿ ಕೂರಿಸುತ್ತಾರೆ. ಹೊಸ ಡ್ರೈವುಗಳಲ್ಲಿ ಲಿಂಕಿನ ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಅಳೆದು, ತೂಗಾಟಕ್ಕೆ ಎದುರಾಗಿ ಇನ್ವರ್ಟರಿನ ಎಳೆತವನ್ನು ತಿದ್ದುವ ಕ್ರಮವೂ ಉಂಟು.

ರಿಪೇರಿಯಲ್ಲಿ ಆಗುವ ತಪ್ಪು

ಈ ಲೆಕ್ಕ ತಿಳಿದರೆ ರಿಪೇರಿಯಲ್ಲಿ ಎಲ್ಲಿ ಎಚ್ಚರ ವಹಿಸಬೇಕು ಎಂಬುದು ಹೊಳೆಯುತ್ತದೆ. ಕಂಡೆನ್ಸರ್ ಹೋದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವ ರೂಢಿ ಇದೆ. ಒಂದು ಕಂಡೆನ್ಸರ್ 400 ಅಥವಾ 450 ವೋಲ್ಟ್ ಮಾತ್ರ ತಾಳುವುದರಿಂದ 560 ವೋಲ್ಟಿನ ಲಿಂಕಿಗೆ ಎರಡನ್ನು ಸಾಲಾಗಿ ಜೋಡಿಸಬೇಕಾಗುತ್ತದೆ. ಸಾಲಾಗಿ ಜೋಡಿಸಿದಾಗ ತಾಳುವ ವೋಲ್ಟೇಜು ಎರಡರಷ್ಟಾಗುತ್ತದೆ, ಆದರೆ ಸಾಮರ್ಥ್ಯ ಅರ್ಧವಾಗುತ್ತದೆ. ಎರಡು 330 ಮೈಕ್ರೋಫ್ಯಾರಡಿನವನ್ನು ಸಾಲಾಗಿ ಹಾಕಿದರೆ ಸಿಗುವುದು 165 ಮಾತ್ರ. 2 ಮಿಲಿಹೆನ್ರಿ ಚೋಕಿನ ಜೊತೆ ಇದರ ಸ್ವಂತ ಗತಿ 277. ಮೂರು ಫೇಸಿನ ಏರಿಳಿತ 300. ತಾಳ ಕೂಡಿಯೇ ಬಿಟ್ಟಿತು! ಏರಿಳಿತ ತಡೆಯಬೇಕಾದ ಜೋಡಿ ಅದನ್ನು ಹಲವು ಪಟ್ಟು ಬೆಳೆಸುತ್ತದೆ. ಹೊಸ ಕಂಡೆನ್ಸರ್ ಕೆಲವೇ ದಿನಗಳಲ್ಲಿ ಉಬ್ಬಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಬದಲಿ ಕಂಡೆನ್ಸರ್ ಮೈಕ್ರೋಫ್ಯಾರಡ್, ವೋಲ್ಟೇಜು, ತಾಳುವ ಡಿಗ್ರಿ, ತಾಳುವ ಏರಿಳಿತದ ಕರೆಂಟು, ಈ ನಾಲ್ಕರಲ್ಲೂ ಹಳೆಯದಕ್ಕೆ ಸಮನಾಗಿರಬೇಕು. ಸಾಲಿನಲ್ಲಿರುವ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಅವುಗಳ ನಡುವೆ ವೋಲ್ಟೇಜನ್ನು ಸಮನಾಗಿ ಹಂಚುವ ರೆಸಿಸ್ಟರುಗಳು ಸರಿಯಿವೆಯೇ ಎಂದು ಪರೀಕ್ಷಿಸಬೇಕು.

ಸೌರ ಪಂಪಿನವರಿಗೆ ವಿಶೇಷ ಸೂಚನೆ

ಸೌರ ಪಂಪಿನಲ್ಲಿ ಲೈನಿನ ಏರಿಳಿತವಿಲ್ಲ. ಆದರೆ ಇನ್ವರ್ಟರ್ ಕತ್ತರಿಸುವುದರಿಂದ ಹುಟ್ಟುವ ಸೂಕ್ಷ್ಮ ಏರಿಳಿತ ಇದ್ದೇ ಇದೆ. ಫಲಕದಿಂದ ಕಂಟ್ರೋಲರಿನವರೆಗಿನ ಉದ್ದನೆಯ ತಂತಿ ಸಣ್ಣ ಚೋಕಿನಂತೆ ವರ್ತಿಸುತ್ತದೆ. ಧನ ಮತ್ತು ಋಣ ತಂತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ದರೆ ಈ ಗುಣ ಹೆಚ್ಚುತ್ತದೆ. ಎರಡನ್ನೂ ಒಂದೇ ಕೊಳವೆಯಲ್ಲಿ ಜೊತೆಜೊತೆಯಾಗಿ ಒಯ್ಯುವುದು ಮೇಲು. ಸಿಡಿಲಿನ ಹೊತ್ತಿನಲ್ಲಿ ತಂತಿಯಲ್ಲಿ ಹುಟ್ಟುವ ಹೊಡೆತವೂ ಇದರಿಂದ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಸಿಂಗಲ್ ಫೇಸ್ ಮೋಟಾರು ಸೆಕೆಂಡಿಗೆ 100 ಸಲ ಶಕ್ತಿಯನ್ನು ಹೆಚ್ಚು ಕಡಿಮೆ ಎಳೆಯುತ್ತದೆ. ಆ ಏರಿಳಿತ ಹಿಂದಕ್ಕೆ ಫಲಕದವರೆಗೂ ಹೋಗಿ, ಫಲಕ ಅತಿ ಹೆಚ್ಚು ಶಕ್ತಿ ಕೊಡುವ ಬಿಂದುವಿನಿಂದ ಅದನ್ನು ಆಚೀಚೆ ತಳ್ಳುತ್ತದೆ. ಬಿಸಿಲಿದ್ದೂ ನೀರು ಕಡಿಮೆ. ಮೂರು ಫೇಸ್ ಮೋಟಾರಿನ ಎಳೆತ ಎಲ್ಲ ಕ್ಷಣದಲ್ಲೂ ಸಮನಾಗಿರುತ್ತದೆ. ಆದ್ದರಿಂದ ಸೌರ ಪಂಪಿಗೆ ಮೋಟಾರು ಆರಿಸುವ ಅವಕಾಶವಿದ್ದಲ್ಲಿ ಮೂರು ಫೇಸಿನದನ್ನೇ ಆರಿಸುವುದು ಒಳ್ಳೆಯದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಫೇಸ್ ತಪ್ಪಿದಾಗ ಡ್ರೈವನ್ನು ನಿಲ್ಲಿಸುವ ರಕ್ಷಣೆ ಅನೇಕ ಡ್ರೈವುಗಳಲ್ಲಿದೆ. ಪಂಪು ಪದೇ ಪದೇ ನಿಲ್ಲುತ್ತದೆಂದು ಅದನ್ನು ತೆಗೆಸಿಹಾಕಬಾರದು. ಅದು ನಿಲ್ಲಿಸುತ್ತಿರುವುದು ನಿಮ್ಮ ಕಂಡೆನ್ಸರನ್ನು ಉಳಿಸಲು.

2. ಮೂರು ಫೇಸ್ ಡ್ರೈವನ್ನು ಎರಡು ತಂತಿಯಲ್ಲಿ ಓಡಿಸಲೇಬೇಕಾದರೆ, ತಯಾರಕರು ಅದಕ್ಕೆ ಒಪ್ಪಿದ್ದಲ್ಲಿ ಮಾತ್ರ, ಮೋಟಾರಿಗಿಂತ ಎರಡರಷ್ಟು ಸಾಮರ್ಥ್ಯದ ಡ್ರೈವ್ ಹಾಕಬೇಕು. 5 ಅಶ್ವಶಕ್ತಿಯ ಮೋಟಾರಿಗೆ 10 ಅಶ್ವಶಕ್ತಿಯ ಡ್ರೈವ್.

3. ಡ್ರೈವಿನಿಂದ ಮೋಟಾರಿಗೆ ಹೋಗುವ ತಂತಿಯಲ್ಲಿ ಯಾವ ಕಂಡೆನ್ಸರೂ ಇರಕೂಡದು. ಹಳೆಯ ಸ್ಟಾರ್ಟರಿನ ಕಾಲದಲ್ಲಿ ಹಾಕಿದ ಕಂಡೆನ್ಸರನ್ನು ಮೊದಲು ಬಿಚ್ಚಿಸಬೇಕು. ಇಲ್ಲದಿದ್ದರೆ ಇನ್ವರ್ಟರೇ ಸುಡುತ್ತದೆ.

4. ಟಿ.ಸಿ.ಯಿಂದ ಬರುವ ಮೂರು ಫೇಸುಗಳ ವೋಲ್ಟೇಜನ್ನು ಆಗಾಗ್ಗೆ ಮೆಕ್ಯಾನಿಕ್ ಕೈಯಲ್ಲಿ ಅಳೆಸಬೇಕು. ಒಂದು ಫೇಸ್ ಉಳಿದೆರಡಕ್ಕಿಂತ ಸದಾ ಕಡಿಮೆ ಇದ್ದರೆ ಫ್ಯೂಸು, ಜಂಪರು, ಸಡಿಲ ಬೋಲ್ಟು ಇವುಗಳನ್ನು ನೋಡಿಸಬೇಕು. ದೋಷ ಲೈನಿನಲ್ಲಿದ್ದರೆ ವಿದ್ಯುತ್ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಕಂಬ ಹತ್ತುವ ಸಾಹಸ ಬೇಡ.

5. ಪೆಟ್ಟಿಗೆಯನ್ನು ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಹಾಕಬಾರದು. ತಗಡಿನ ಮನೆಯಾದರೆ ಮೇಲೆ ತೆಂಗಿನ ಗರಿ ಹೊದಿಸಿ, ಎದುರುಬದುರು ಗಾಳಿಯ ಕಿಂಡಿ ಬಿಡಬೇಕು. ಪೆಟ್ಟಿಗೆಯ ಮೇಲೆ ಕೆಳಗೆ ಒಂದು ಗೇಣಾದರೂ ಜಾಗ ಖಾಲಿ ಇರಲಿ. ಫ್ಯಾನಿನ ಜಾಲರಿಯಲ್ಲಿ ಕಟ್ಟುವ ದೂಳು, ಹಲ್ಲಿ, ಜೇಡರ ಬಲೆಗಳನ್ನು ಪವರ್ ತೆಗೆದು ತಿಂಗಳಿಗೊಮ್ಮೆ ಸ್ವಚ್ಛ ಮಾಡಬೇಕು.

6. ಮೈನ್ ಸ್ವಿಚ್ಚನ್ನು ಬೇಗ ಬೇಗ ಹಾಕಿ ತೆಗೆದು ಮಾಡಬಾರದು. ಖಾಲಿ ಕಂಡೆನ್ಸರ್ ತುಂಬುವಾಗ ಕರೆಂಟನ್ನು ತಡೆಹಿಡಿಯುವ ರೆಸಿಸ್ಟರೊಂದು ಒಳಗಿದೆ. ಪ್ರತಿ ಸಲವೂ ಅದು ಕಾಯುತ್ತದೆ. ಪಂಪನ್ನು ನಿಲ್ಲಿಸಲು, ಓಡಿಸಲು ಡ್ರೈವಿನ ಗುಂಡಿಯನ್ನೇ ಬಳಸಬೇಕು.

7. ಒಂದು ವರ್ಷಕ್ಕೂ ಮೇಲ್ಪಟ್ಟು ಪವರ್ ಇಲ್ಲದೆ ಬಿದ್ದಿದ್ದ ಡ್ರೈವಿಗೆ ನೇರವಾಗಿ ಪೂರ್ತಿ ವೋಲ್ಟೇಜು ಕೊಡಬಾರದು. ಕಂಡೆನ್ಸರಿನ ಒಳಪದರ ದುರ್ಬಲವಾಗಿರುತ್ತದೆ. ತಿಳಿದ ಮೆಕ್ಯಾನಿಕ್ ವೋಲ್ಟೇಜನ್ನು ಮೆಲ್ಲಗೆ ಏರಿಸಿ ಅದನ್ನು ಮತ್ತೆ ಹದಕ್ಕೆ ತರಬೇಕು.

ಕಂಡೆನ್ಸರ್ ಸೋಲುತ್ತಿರುವ ಲಕ್ಷಣಗಳು

ಡಬ್ಬಿಯ ನೆತ್ತಿ ಉಬ್ಬುವುದು, ಅಲ್ಲಿಂದ ದ್ರವ ಒಸರುವುದು, ಸುಟ್ಟ ವಾಸನೆ, ಮೊದಲಿಗಿಂತ ಹೆಚ್ಚಾದ ಗುಂಯ್‌ಗುಟ್ಟುವ ಸದ್ದು, ಲೈನಿನಲ್ಲಿ ವೋಲ್ಟೇಜು ಸರಿಯಿದ್ದರೂ ಭಾರ ಏರುತ್ತಲೇ ಡಿ.ಸಿ. ವೋಲ್ಟೇಜು ಕಡಿಮೆ ಎಂದು ತೋರಿಸಿ ಡ್ರೈವ್ ನಿಲ್ಲುವುದು, ಇವು ಮುಖ್ಯ ಲಕ್ಷಣಗಳು. ಮೀಟರಿನಲ್ಲಿ ಅಳೆದಾಗ ಬರೆದಿರುವುದಕ್ಕಿಂತ ನೂರಕ್ಕೆ 20ರಷ್ಟು ಸಾಮರ್ಥ್ಯ ಇಳಿದಿದ್ದರೆ ಕಂಡೆನ್ಸರಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಬೇಸಿಗೆ ಬರುವ ಮೊದಲೇ ಪರೀಕ್ಷೆ ಮಾಡಿಸಿ ಬದಲಾಯಿಸುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ

ಬೆಳೆ ಹೋದರೆ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು, ಜೀವ ಹೋದರೆ ಬರುವುದಿಲ್ಲ. ಫ್ಯೂಸು ಕಿತ್ತ ಮೇಲೂ, ದೀಪ ಆರಿದ ಮೇಲೂ, ಡಿ.ಸಿ. ಲಿಂಕಿನ ತೊಟ್ಟಿ ತುಂಬಿಯೇ ಇರುತ್ತದೆ. 560 ವೋಲ್ಟಿನಲ್ಲಿ 1000 ಮೈಕ್ರೋಫ್ಯಾರಡ್ ಹಿಡಿದಿಡುವ ಶಕ್ತಿ ಸುಮಾರು 157 ಜೂಲ್. ಒಂದು ಕಿಲೋ ತೂಕವನ್ನು 16 ಮೀಟರ್ ಎತ್ತರಕ್ಕೆ ಎತ್ತುವಷ್ಟು ಶಕ್ತಿ ಅದು. ಅಷ್ಟೂ ಕಣ್ಣು ಮಿಟುಕಿಸುವುದರೊಳಗೆ ಎದೆಯ ಮೂಲಕ ಹಾದರೆ ಪ್ರಾಣಾಪಾಯ ಉಂಟು.

ಪೆಟ್ಟಿಗೆ ತೆರೆಯುವ ಮುನ್ನ ಪವರ್ ತೆಗೆದು ತಯಾರಕರು ಮುಚ್ಚಳದ ಮೇಲೆ ಬರೆದಿರುವಷ್ಟು ಹೊತ್ತು ಕಾಯಬೇಕು. ಬರಹ ಅಳಿಸಿಹೋಗಿದ್ದರೆ 15 ನಿಮಿಷ ಕಾಯಬೇಕು. ಆಮೇಲೂ 1000 ವೋಲ್ಟ್ ಡಿ.ಸಿ. ಅಳೆಯಬಲ್ಲ ಮೀಟರಿನಲ್ಲಿ ಲಿಂಕನ್ನು ಅಳೆದು, 50 ವೋಲ್ಟಿಗಿಂತ ಕೆಳಗೆ ಇಳಿದಿದೆಯೆಂದು ಖಚಿತ ಮಾಡಿಕೊಂಡೇ ಮೆಕ್ಯಾನಿಕ್ ಕೈಹಾಕಬೇಕು. ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಮುಟ್ಟಿಸಿ ಖಾಲಿ ಮಾಡುವುದು ಅತ್ಯಂತ ಅಪಾಯ. ಕಿಡಿ ಹಾರಿ ಕಣ್ಣಿಗೆ ಬೀಳುತ್ತದೆ. ಸೌರ ಪಂಪಿನಲ್ಲಿ ಬಿಸಿಲಿರುವವರೆಗೂ ಫಲಕದ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಅಲ್ಲಿ ಡಿ.ಸಿ. ಸ್ವಿಚ್ಚನ್ನು ತೆಗೆದು, ಬಳಿಕ ಇಷ್ಟೇ ಹೊತ್ತು ಕಾಯಬೇಕು. ಮನೆಯ ಮಕ್ಕಳಿಗೂ, ತೋಟ ನೋಡಿಕೊಳ್ಳುವ ಆಳುಕಾಳಿಗೂ ಈ ಮಾತನ್ನು ಹೇಳಿಡಿ.

ರೈತರು ಕೇಳಿದ ಕೆಲವು ಪ್ರಶ್ನೆಗಳು

ಪ್ರಶ್ನೆ: ಮೂರು ಫೇಸ್ ಕೆಲವೇ ತಾಸು. ಉಳಿದ ಹೊತ್ತು 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಡ್ರೈವ್ ಹಾಕಿ 415 ವೋಲ್ಟಿನ ಮೋಟಾರು ಓಡಿಸಬಹುದೇ?

ಉತ್ತರ: ಸಾಧಾರಣ ಡ್ರೈವಿನಲ್ಲಿ ಆಗದು. 230 ವೋಲ್ಟಿನಿಂದ ಲಿಂಕಿನಲ್ಲಿ 325 ವೋಲ್ಟ್ ಮಾತ್ರ ಸಿಗುತ್ತದೆ. ಅದರಿಂದ 415 ವೋಲ್ಟಿನ ಮೋಟಾರಿಗೆ ಪೂರ್ತಿ ಶಕ್ತಿ ಬಾರದು. ವೋಲ್ಟೇಜನ್ನು ಏರಿಸುವ ಏರ್ಪಾಡು ಒಳಗಿರುವ ಡ್ರೈವುಗಳು ಇವೆ. ಆದರೆ ಅವುಗಳ ಕಂಡೆನ್ಸರ್ 100ರ ಏರಿಳಿತಕ್ಕೆ ತಕ್ಕಷ್ಟು ದೊಡ್ಡದಿದೆಯೇ ಎಂದು ಕೇಳಿಕೊಳ್ಳಬೇಕು. ಸಿಂಗಲ್ ಫೇಸ್ ಹೊತ್ತಿನಲ್ಲಿ ಪಂಪು ಓಡಿಸುವ ಬಗ್ಗೆ ವಿದ್ಯುತ್ ಕಚೇರಿಯ ನಿಯಮವನ್ನೂ ತಿಳಿದುಕೊಳ್ಳಬೇಕು.

ಪ್ರಶ್ನೆ: ಹೆಚ್ಚು ಕಂಡೆನ್ಸರ್ ಸೇರಿಸಿದರೆ ಏರಿಳಿತ ಕಡಿಮೆಯಾಗುತ್ತದೆ ಎಂದಿರಿ. ನಾವೇ ಸೇರಿಸಬಹುದೇ?

ಉತ್ತರ: ಬೇಡ. ತುಂಬುವಾಗಿನ ಕರೆಂಟು ಹೆಚ್ಚಿ, ಒಳಗಿನ ರೆಸಿಸ್ಟರ್ ಮತ್ತು ರೆಕ್ಟಿಫೈಯರ್ ಸುಡಬಹುದು. ಸ್ವಂತ ಗತಿಯೂ ಬದಲಾಗುತ್ತದೆ. ಹೊರಗಿನಿಂದ ಸೇರಿಸುವುದಿದ್ದರೆ ಲೈನ್ ಚೋಕ್ ಸೇರಿಸಿ. ಅದು ಸುಲಭ, ಅಪಾಯವಿಲ್ಲದ್ದು.

ಪ್ರಶ್ನೆ: ಲೈನ್ ಚೋಕಿಗೆ ಹಣ ಹಾಕುವುದು ದಂಡವಲ್ಲವೇ?

ಉತ್ತರ: ಅಲ್ಲ. ಚೋಕಿನೊಳಗೆ ಆರುವ ದ್ರವವೂ ಇಲ್ಲ, ತಿರುಗುವ ಭಾಗವೂ ಇಲ್ಲ. ಒಮ್ಮೆ ಹಾಕಿದ್ದು ಬಹುಕಾಲ ಬಾಳುತ್ತದೆ. ಮುಂದೆ ಡ್ರೈವ್ ಬದಲಾದರೂ ಅಷ್ಟೇ ಸಾಮರ್ಥ್ಯದ ಇನ್ನೊಂದಕ್ಕೆ ಬರುತ್ತದೆ.

ರೈತ ಬಾಂಧವರೇ, ಒಟ್ಟಾರೆ ಹೇಳಬೇಕಾದರೆ, ಏರಿಳಿತದಿಂದ ಬಿಸಿ, ಬಿಸಿಯಿಂದ ಕಂಡೆನ್ಸರಿನ ನಾಶ. ಫೇಸ್ ತಪ್ಪಿದರೆ ಏರಿಳಿತ ಹೆಚ್ಚುತ್ತದೆ, ತಾಳ ಕೂಡಿದರೆ ಅದು ಹಿಗ್ಗುತ್ತದೆ. ಮೂರು ಫೇಸ್ ಸರಿಯಾಗಿ ನೋಡಿಕೊಳ್ಳುವುದು, ಚೋಕ್ ಇರುವ ಡ್ರೈವ್ ಕೊಳ್ಳುವುದು, ಪೆಟ್ಟಿಗೆಗೆ ನೆರಳು ಗಾಳಿ ಕೊಡುವುದು, ಅಳತೆಗೆ ಸರಿಯಾದ ಬದಲಿ ಭಾಗ ಹಾಕಿಸುವುದು, ಈ ನಾಲ್ಕೂ ನಿಮ್ಮ ಕೈಯಲ್ಲೇ ಇವೆ. ಇಂದು ಮನೆಗೆ ಹೋದವರು ಮೊದಲು ನಿಮ್ಮ ಡ್ರೈವಿನ ತಯಾರಕರ ಪುಸ್ತಕ ತೆಗೆದು ಅದರಲ್ಲಿ ಚೋಕ್ ಇದೆಯೇ, ಪೆಟ್ಟಿಗೆ ತೆರೆಯುವ ಮುನ್ನ ಎಷ್ಟು ನಿಮಿಷ ಕಾಯಬೇಕು ಎಂಬ ಎರಡು ಸಂಗತಿಗಳನ್ನು ನೋಡಿ, ಪಂಪ್‌ಸೆಟ್ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.